ಇಸಿಯಲ್ಲಿ ಏನೂ ಇಲ್ಲ, ಹಾಗಾದರೆ ಜಾಗದ ಮೇಲೆ ಸಾಲ ಇಲ್ಲ ಅಂತಲೇ?

ಪ್ರಶ್ನೆ: ಬದಿಯಡ್ಕದ ಹತ್ತಿರ ಹಳೆ ಹಂಚಿನ ಮನೆ ಇರುವ 22 ಸೆಂಟ್ಸ್ ಜಾಗ ನೋಡಿದ್ದೇವೆ. ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು 2019ರಲ್ಲಿ ಮಾಡಿಕೊಂಡ ಪಾಲುಪತ್ರದಲ್ಲಿ ಅದು ಮಾರುವವರಿಗೆ ಬಂದದ್ದು. 30 ವರ್ಷದ ಇಸಿ (ಋಣಭಾರ ಪತ್ರ) ತೆಗೆಸಿದೆವು. ಪಾಲುಪತ್ರ ಬಿಟ್ಟರೆ ಬೇರೇನೂ ಇಲ್ಲ. "ಇಷ್ಟು ಸಾಕು, ಅಡ್ವಾನ್ಸ್ ಕೊಡಿ" ಎನ್ನುತ್ತಾರೆ ಬ್ರೋಕರ್. ಮಂಗಳೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿರುವ ನನ್ನ ಭಾವ ಮಾತ್ರ "ಸೆರ್ಸಾಯ್‌ನಲ್ಲಿ ನೋಡದೆ ಒಂದು ರೂಪಾಯಿಯೂ ಕೊಡಬೇಡಿ" ಎನ್ನುತ್ತಾರೆ. ಏನಿದು? ನಾವೇ ನೋಡಬಹುದಾ? ಇನ್ನೊಂದು ವಿಷಯ. ಈ ಜಾಗ ಕೊಳ್ಳಲು ನಮ್ಮ ಈಗಿನ ಮನೆಯ ಆಧಾರ (ಜಾಗದ ಹಕ್ಕಿನ ಪತ್ರ) ಇಟ್ಟು ಸಾಲ ಕೇಳಿದೆವು. ನನ್ನ ತಂದೆಯವರು 2014ರಲ್ಲಿ ತೆಗೆದು 2018ರಲ್ಲೇ ಚುಕ್ತಾ ಮಾಡಿದ ಸಾಲ ಇನ್ನೂ ಬಾಕಿ ಎಂದು ಸೆರ್ಸಾಯ್‌ನಲ್ಲಿ ತೋರಿಸುತ್ತದಂತೆ. ಆಧಾರ ಆವಾಗಲೇ ಕೈಗೆ ಬಂದಿದೆ. ಇದನ್ನು ತೆಗೆಸುವುದು ಹೇಗೆ?

ಉತ್ತರ: ನಿಮ್ಮ ಭಾವ ಹೇಳಿದ್ದು ಸರಿ. ಸೆರ್ಸಾಯ್ ಅಂದರೆ ಜಾಗದ ಆಧಾರದ ಮೇಲೆ ಕೊಟ್ಟ ಸಾಲಗಳನ್ನು ಬ್ಯಾಂಕುಗಳು ದಾಖಲು ಮಾಡುವ ಕೇಂದ್ರ ರಿಜಿಸ್ಟ್ರಿ. ಅದನ್ನು ನೋಡದೆ ಅಡ್ವಾನ್ಸ್ ಕೊಡಬೇಡಿ. ಹಾಗೆಂದು ಸೆರ್ಸಾಯ್ ಒಂದನ್ನೇ ನಂಬಿಯೂ ಕೊಡಬೇಡಿ. ಜಾಗದ ಮೇಲಿನ ಸಾಲ ಒಂದೇ ಪುಸ್ತಕದಲ್ಲಿ ದಾಖಲಾಗುವ ಪದ್ಧತಿ ನಮ್ಮಲ್ಲಿಲ್ಲ. ಒಂದೊಂದು ಆಫೀಸಿಗೆ ತನಗೆ ಯಾರಾದರೂ ಬಂದು ತಿಳಿಸಿದ್ದಷ್ಟೇ ಗೊತ್ತು. ಅದರ ಮೇಲೆ, ನಮ್ಮ ಕಾಸರಗೋಡಿನ ಜಾಗಗಳ ರೆಕಾರ್ಡಿನಲ್ಲಿ ಬೇರೆ ಕಡೆ ಇಲ್ಲದ ಕೆಲವು ಗಂಟುಗಳಿವೆ.

ಮೊದಲು ಇಸಿ ವಿಷಯ. ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಬರುವ ಈ ಕುಡಿಕ್ಕಡ ಸರ್ಟಿಫಿಕೇಟ್ ಅಲ್ಲಿ ರಿಜಿಸ್ಟರ್ ಆದ ಪತ್ರಗಳನ್ನು ಮಾತ್ರ ಹೇಳುತ್ತದೆ. ಕ್ರಯ, ದಾನ, ಪಾಲು, ರಿಜಿಸ್ಟರ್ ಮಾಡಿದ ಅಡವು ಎಲ್ಲ ಅದರಲ್ಲಿ ಬರುತ್ತದೆ. ಆದರೆ ಮನೆ ಸಾಲ, ವ್ಯಾಪಾರದ ಸಾಲ ಕೊಡುವಾಗ ಬ್ಯಾಂಕಿನವರು ಹೆಚ್ಚಾಗಿ ಅಡವು ಪತ್ರ ಬರೆಸುವುದೇ ಇಲ್ಲ. "ಮೂಲ ಆಧಾರ ತನ್ನಿ" ಎನ್ನುತ್ತಾರೆ. ಸಾಲಗಾರ ಅದನ್ನು ತಂದು ಮ್ಯಾನೇಜರ ಮೇಜಿನ ಮೇಲೆ ಇಡುತ್ತಾನೆ. ಸಾಲಕ್ಕೆ ಭದ್ರತೆಯಾಗಿ ಕೊಟ್ಟಿದ್ದೇನೆ ಎನ್ನುವ ಉದ್ದೇಶ ಇದ್ದರೆ, ಕೊಟ್ಟ ಕ್ಷಣಕ್ಕೇ ಅಡವು ಆಯಿತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಸೆಕ್ಷನ್‌ನಲ್ಲೇ ಇದಕ್ಕೆ ಜಾಗ ಇದೆ. ರಿಜಿಸ್ಟ್ರೇಷನ್ ಖರ್ಚಿಲ್ಲ, ಓಡಾಟ ಇಲ್ಲ. ಬ್ಯಾಂಕಿಗೂ ಸುಲಭ, ಸಾಲಗಾರನಿಗೂ ಸುಲಭ. ಕಷ್ಟ ಆಗುವುದು ಆಮೇಲೆ ಆ ಜಾಗ ಕೊಳ್ಳಲು ಬರುವ ನಿಮ್ಮಂಥವರಿಗೆ. ಈ ಅಡವಿನ ಸುಳಿವು ಬದಿಯಡ್ಕದ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಸಿಕ್ಕಿರುವುದೇ ಇಲ್ಲ. ಇಸಿ ಖಾಲಿ ಬರುವುದರಲ್ಲಿ ಆಶ್ಚರ್ಯ ಏನು?

ಗಡಿಯ ನಮಗೆ ಇದರಲ್ಲಿ ಇನ್ನೊಂದು ಸುತ್ತು ಇದೆ. ಆಧಾರ ಇಟ್ಟು ಮಾಡುವ ಅಡವು ಸರಕಾರ ಗೊತ್ತುಪಡಿಸಿದ ಊರುಗಳಲ್ಲಿ ಮಾತ್ರ ನಡೆಯುತ್ತದೆ. ಕಾನೂನು ನೋಡುವುದು ಆಧಾರ ಯಾವ ಊರಿನಲ್ಲಿ ಕೈ ಬದಲಾಯಿತು ಎಂಬುದನ್ನು. ಜಾಗ ಅದೇ ಊರಿನಲ್ಲಿ ಇರಬೇಕೆಂದಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳ ವ್ಯವಹಾರ ಮಂಗಳೂರು, ಪುತ್ತೂರಿನ ಬ್ಯಾಂಕುಗಳಲ್ಲಿ. ಜಾಗ ಕೇರಳದಲ್ಲಿ, ಆಧಾರ ಮಂಗಳೂರಿನ ಯಾವುದೋ ಬ್ರಾಂಚಿನ ಕಬ್ಬಿಣದ ಕಪಾಟಿನಲ್ಲಿ. ಇಲ್ಲಿ ಕೂತು ವಿಚಾರಿಸಿದರೆ ಯಾರಿಗೆ ತಾನೇ ಗೊತ್ತಾಗುತ್ತದೆ?

ಈ ಕುರುಡು ಜಾಗವನ್ನು ಮುಚ್ಚುವುದಕ್ಕೆಂದೇ ಸೆರ್ಸಾಯ್ ಬಂತು. ಒಂದೇ ಮನೆಯ ಆಧಾರದ ಕಲರ್ ಪ್ರತಿ, ನಕಲಿ ಪ್ರತಿ ಮಾಡಿ ಎರಡು ಮೂರು ಬ್ಯಾಂಕುಗಳಿಂದ ಸಾಲ ಎತ್ತುವ ಮೋಸ ದೇಶದಲ್ಲಿ ಜಾಸ್ತಿಯಾಗಿತ್ತು. ಬ್ಯಾಂಕುಗಳ ಸಾಲ ವಸೂಲಿಗೆಂದು ಬಂದ 2002ರ ಸರ್ಫೇಸಿ ಕಾನೂನಿನಲ್ಲಿ ಇಂಥದ್ದೊಂದು ಕೇಂದ್ರ ರಿಜಿಸ್ಟ್ರಿ ಬೇಕು ಎಂದು ಆಗಲೇ ಬರೆದಿತ್ತು. ಅದು ಶುರುವಾದದ್ದು 2011ರ ಮಾರ್ಚ್ 31ಕ್ಕೆ. ಕಂಪೆನಿಯ ರೂಪದಲ್ಲಿದೆ, ಹೆಚ್ಚಿನ ಪಾಲು ಕೇಂದ್ರ ಸರಕಾರದ್ದು. ಬ್ಯಾಂಕ್ ಖಾತೆ ತೆರೆದಾಗ ನಿಮ್ಮ ಮೊಬೈಲಿಗೆ 14 ಅಂಕಿಯ ಕೆವೈಸಿ ನಂಬರ್ ಇರುವ ಮೆಸೇಜ್ ಬಂದಿರಬಹುದು. ಆ ಕೆಲಸ ನೋಡಿಕೊಳ್ಳುವುದೂ ಇದೇ ಸಂಸ್ಥೆ. ಹಾಗಾಗಿ "ನನಗೆ ಸೆರ್ಸಾಯ್‌ನಿಂದ ಮೆಸೇಜ್ ಬಂತು, ನನ್ನ ಹೆಸರಲ್ಲಿ ಯಾರೋ ಸಾಲ ತೆಗೆದರಾ" ಎಂದು ಗಾಬರಿಯಾಗುವವರೂ ಇದ್ದಾರೆ. ಆ ಮೆಸೇಜಿಗೂ ಸಾಲಕ್ಕೂ ಸಂಬಂಧ ಇಲ್ಲ.

ಬ್ಯಾಂಕು ಸಾಲ ಕೊಟ್ಟ ಮೇಲೆ ಸಾಲಗಾರ ಯಾರು, ಜಾಗ ಯಾವುದು, ಮೊತ್ತ ಎಷ್ಟು ಎಂದು ಸೆರ್ಸಾಯ್‌ನಲ್ಲಿ ದಾಖಲು ಮಾಡುತ್ತದೆ. 2020ರ ಜನವರಿ 24ರಿಂದ ಇದಕ್ಕೆ ಹಲ್ಲು ಬಂತು. 2016ರ ತಿದ್ದುಪಡಿಯ ಒಂದು ಅಧ್ಯಾಯ ಅವತ್ತು ಜಾರಿಯಾಯಿತು. ಅದರ ಪ್ರಕಾರ ಸೆರ್ಸಾಯ್‌ನಲ್ಲಿ ದಾಖಲಾಗಿದ್ದರೆ ಅದು ಊರಿಗೆಲ್ಲ ತಿಳಿಸಿದ ಹಾಗೆ. ಆಮೇಲೆ ಆ ಜಾಗ ಕೊಂಡವರು "ನಮಗೆ ಗೊತ್ತಿರಲಿಲ್ಲ" ಎನ್ನುವ ಹಾಗಿಲ್ಲ. ನೀವು ಕಂಪ್ಯೂಟರ್ ಮುಂದೆ ಕೂತು ನೋಡಿದಿರೋ ಇಲ್ಲವೋ ಎಂದು ಕೋರ್ಟು ಕೇಳುವುದಿಲ್ಲ, ನೋಡಬಹುದಿತ್ತಲ್ಲ ಎಂದೇ ಕೇಳುವುದು. ದಾಖಲು ಮಾಡದ ಬ್ಯಾಂಕಿಗೂ ನಷ್ಟ ಇದೆ. ಕೋರ್ಟಿಗೆ ಹೋಗದೆ ನೇರವಾಗಿ ನೋಟೀಸು ಅಂಟಿಸಿ, ಜಾಗ ವಶಕ್ಕೆ ತೆಗೆದುಕೊಂಡು ಹರಾಜು ಹಾಕುವ ಸರ್ಫೇಸಿ ಅಧಿಕಾರವನ್ನು ಅದು ಬಳಸುವಂತಿಲ್ಲ. ದಾಖಲು ಮಾಡಿದರೆ ಮಾತ್ರ ಸರಕಾರದ ತೆರಿಗೆ ಬಾಕಿಗಿಂತಲೂ ಮುಂದಿನ ಸಾಲಿನಲ್ಲಿ ನಿಲ್ಲಬಹುದು. ಇಷ್ಟೆಲ್ಲ ಇರುವುದರಿಂದ ಈಗೀಗ ಬ್ಯಾಂಕುಗಳು ತಪ್ಪದೆ ದಾಖಲು ಮಾಡುತ್ತವೆ. 2011ಕ್ಕಿಂತ ಹಿಂದಿನ ಹಳೆ ಸಾಲಗಳ ವಿಷಯದಲ್ಲಿ ಮಾತ್ರ ಅಷ್ಟು ಧೈರ್ಯ ಬೇಡ.

ಈಗ ಹುಡುಕುವ ವಿಷಯ. ಹೌದು, ನೀವೇ ನೋಡಬಹುದು. ಸೆರ್ಸಾಯ್‌ನ ಅಧಿಕೃತ ವೆಬ್‌ಸೈಟಿನಲ್ಲಿ ಸಾರ್ವಜನಿಕರಿಗೆಂದೇ ಸರ್ಚ್ ಇದೆ. ಒಂದು ಸರ್ಚಿಗೆ 10 ರೂಪಾಯಿ, ಮೇಲೆ ಜಿಎಸ್‌ಟಿ. ಜಾಗದ ವಿವರ ಕೊಟ್ಟು ಹುಡುಕಬಹುದು, ಸಾಲಗಾರರ ವಿವರ ಕೊಟ್ಟೂ ಹುಡುಕಬಹುದು. ಹತ್ತು ರೂಪಾಯಿ ವಿಷಯದಲ್ಲಿ ಜುಗ್ಗತನ ಮಾಡಬೇಡಿ. ಒಂದು ಸಲ ಹುಡುಕಿ ಖಾಲಿ ಬಂತೆಂದು ಎದ್ದು ಬಂದರೆ ಹುಡುಕಿದ್ದಕ್ಕೇ ಅರ್ಥವಿಲ್ಲ. ಬ್ಯಾಂಕಿನ ಗುಮಾಸ್ತರು ಅವತ್ತು ಜಾಗದ ವಿವರ ಹೇಗೆ ಟೈಪ್ ಮಾಡಿದ್ದರೋ, ಅದಕ್ಕೆ ನಿಮ್ಮ ವಿವರ ಹೊಂದಿಕೆಯಾದರೆ ತಾನೇ ಸಿಗುವುದು?

ನಿಮ್ಮ 22 ಸೆಂಟ್ಸನ್ನೇ ತೆಗೆದುಕೊಳ್ಳೋಣ. ಅದು ಪಾಲಿನಲ್ಲಿ ಬಂದ ತುಂಡು. ತಂದೆಯ ಕಾಲದಲ್ಲಿ ಇಡೀ ಆಸ್ತಿ ಒಂದು ಎಕರೆ ಚಿಲ್ಲರೆ ಇತ್ತು ಎಂದು ಇಟ್ಟುಕೊಳ್ಳಿ. ಸರ್ವೆ ನಂಬರ್ 214/3. ತಂದೆ 2015ರಲ್ಲಿ ಆ ಇಡೀ ಜಾಗದ ಆಧಾರ ಇಟ್ಟು ಸಾಲ ತೆಗೆದರು. ಬ್ಯಾಂಕು 214/3 ಎಂದೇ ದಾಖಲು ಮಾಡಿತು. ತಂದೆ ತೀರಿಕೊಂಡರು. ಮಕ್ಕಳು ಪಾಲು ಮಾಡಿಕೊಂಡರು. ಮಾರುವವರ ತುಂಡಿಗೆ 214/3ಬಿ2 ಎಂದು ಹೊಸ ನಂಬರ್ ಬಂತು. ಅವರ ಹೆಸರಿನಲ್ಲಿ ತಂಡಪೇರ್ (ವಿಲೇಜ್ ಆಫೀಸಿನ ಖಾತೆ) ಆಯಿತು, ತೀರ್ವೆ (ಭೂಕಂದಾಯ) ರಶೀದಿಯೂ ಬಂತು. ನೀವು 214/3ಬಿ2 ಎಂದು ಹಾಕಿ ಹುಡುಕಿದರೆ ಖಾಲಿ. ಮಾರುವವರ ಹೆಸರು ಹಾಕಿದರೂ ಖಾಲಿ, ಅವರು ಸಾಲ ಮಾಡಿಯೇ ಇಲ್ಲವಲ್ಲ! ಆದರೆ ತಂದೆಯ ಸಾಲ ತೀರದೇ ಇದ್ದರೆ ಅದು ಒಂದು ಎಕರೆಯ ಪ್ರತಿ ಸೆಂಟಿನ ಮೇಲೂ ಕೂತಿರುತ್ತದೆ. ಮಕ್ಕಳು ಪಾಲು ಮಾಡಿಕೊಂಡರೆಂದು ಬ್ಯಾಂಕಿನ ಹಕ್ಕು ಪಾಲಾಗುವುದಿಲ್ಲ. ಹಾಗಾಗಿ ಪಾಲುಪತ್ರದ ಕೊನೆಯಲ್ಲಿರುವ ಷೆಡ್ಯೂಲ್ (ಜಾಗದ ವಿವರ) ಓದಿ, ಅದಕ್ಕೆ ಮೊದಲಿನ ಮೂಲ ಆಧಾರದ ಷೆಡ್ಯೂಲ್ ಕೂಡ ಓದಿ. ಪಾಲಿಗೆ ಮೊದಲಿನ ತಾಯಿ ನಂಬರಿನಲ್ಲೂ (ಇಲ್ಲಿ 214/3) ಹುಡುಕಿ, ತೀರಿಕೊಂಡ ತಂದೆಯ ಹೆಸರಿನಲ್ಲೂ ಹುಡುಕಿ. ತಂದೆಯ ಪ್ಯಾನ್ ನಂಬರ್ ಮಾರುವವರಿಂದ ಕೇಳಿ ಪಡೆದರೆ ಇನ್ನೂ ಒಳ್ಳೆಯದು. ಕೊಡಲು ಹಿಂದೆ ಮುಂದೆ ನೋಡಿದರೆ ಅಲ್ಲೇ ನಿಮಗೆ ಅರ್ಧ ಉತ್ತರ ಸಿಕ್ಕಿತು.

ಸರ್ವೆ ನಂಬರಿನ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಹಳೆ ಆಧಾರದಲ್ಲಿ ಹಳೆ ಸರ್ವೆ ನಂಬರ್ ಇರುತ್ತದೆ. ಆಮೇಲೆ ರೀಸರ್ವೆಯಾಗಿ ಆರ್.ಎಸ್. ನಂಬರ್ ಬಂದಿರುತ್ತದೆ. ಈಗ ಕೇರಳದಲ್ಲಿ ಡಿಜಿಟಲ್ ಸರ್ವೆ ನಡೆದು, ಮುಗಿದ ಗ್ರಾಮಗಳಲ್ಲಿ ಮತ್ತೆ ಹೊಸ ನಂಬರ್. ರಿಜಿಸ್ಟ್ರೇಷನ್, ರೆವೆನ್ಯೂ, ಸರ್ವೆ ಈ ಮೂರು ಇಲಾಖೆಗಳನ್ನು ಒಂದೇ ಕಡೆ ತರುವ 'ಎನ್ಡೆ ಭೂಮಿ' ಪೋರ್ಟಲ್ 2024ರಲ್ಲಿ ಮೊದಲು ಶುರುವಾದದ್ದೇ ನಮ್ಮ ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ಗ್ರಾಮದಲ್ಲಿ. ಒಳ್ಳೆಯ ಕೆಲಸ. ಆದರೆ 2015ರಲ್ಲಿ ಸಾಲ ಕೊಟ್ಟ ಬ್ಯಾಂಕು ತನ್ನ ಹಳೆ ದಾಖಲೆಯನ್ನು ಹೊಸ ನಂಬರಿಗೆ ತಿದ್ದಿರುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ. ಎಷ್ಟು ನಂಬರ್ ಇದೆಯೋ ಅಷ್ಟರಲ್ಲೂ ಹುಡುಕಬೇಕು. ಹಳೆ ನಂಬರಿಗೆ ಹೊಸ ನಂಬರ್ ಯಾವುದು ಎಂದು ವಿಲೇಜ್ ಆಫೀಸಿನಲ್ಲಿ ಕೇಳಿ ತಿಳಿದುಕೊಳ್ಳಿ. ಇಸಿಗೆ ಅರ್ಜಿ ಹಾಕುವಾಗಲೂ ಇದೇ ಮಾತು. ನೀವು ತೆಗೆಸಿದ 30 ವರ್ಷದ ಇಸಿ ಯಾವ ನಂಬರಿನ ಮೇಲೆ ತೆಗೆಸಿದ್ದು? 2019ರಲ್ಲಿ ಹುಟ್ಟಿದ ನಂಬರಿನ ಮೇಲೆ 30 ವರ್ಷ ಹುಡುಕಿಸಿದ್ದರೆ ಪಾಲುಪತ್ರ ಬಿಟ್ಟು ಬೇರೇನು ಬರಲು ಸಾಧ್ಯ! ಬ್ರೋಕರುಗಳು ಕೈಗಿಡುವ ಇಸಿಗಳಲ್ಲಿ ನಾನು ಮೊದಲು ನೋಡುವುದೇ ಇದನ್ನು.

ಅಳತೆಯನ್ನೂ ಹೊಂದಿಸಿ ನೋಡಿ. ಹಳೆ ಪತ್ರದಲ್ಲಿ 22 ಸೆಂಟ್ಸ್ ಇರುವುದು ಹೊಸ ರೆಕಾರ್ಡಿನಲ್ಲಿ 8.90 ಆರ್ ಆಗಿರುತ್ತದೆ. ಒಂದು ಆರ್ ಅಂದರೆ ಸುಮಾರು 2.47 ಸೆಂಟ್ಸ್. ರಿಪೋರ್ಟಿನಲ್ಲಿ 8.90 ಎಂದು ನೋಡಿ "ಇದು ನಮ್ಮ ಜಾಗ ಅಲ್ಲ" ಎಂದು ಬಿಟ್ಟುಬಿಡಬೇಡಿ.

ಊರಿನ ಹೆಸರು ಇನ್ನೊಂದು ತಲೆನೋವು. ಮಂಜೇಶ್ವರ ತಾಲೂಕು ಆದದ್ದು 2014ರಲ್ಲಿ. ಕುಂಬಳೆ, ಉಪ್ಪಳ, ಪೈವಳಿಕೆ, ಬಾಯಾರು ಕಡೆಯ ಜಾಗಗಳಿಗೆ ಅದಕ್ಕೆ ಮೊದಲು ಬರೆದ ಎಲ್ಲ ಪತ್ರಗಳಲ್ಲಿ ಕಾಸರಗೋಡು ತಾಲೂಕು ಎಂದೇ ಇದೆ. 1984ಕ್ಕಿಂತ ಹಿಂದಿನ ಆಧಾರದಲ್ಲಿ ಜಿಲ್ಲೆಯೇ ಕಣ್ಣೂರು. 1956ಕ್ಕೆ ಮೊದಲಿನದ್ದಾದರೆ ದಕ್ಷಿಣ ಕನ್ನಡ, ಮದ್ರಾಸು. ಬ್ಯಾಂಕಿನವರು ಆಧಾರ ನೋಡಿ ಟೈಪ್ ಮಾಡಿದರೋ ತೀರ್ವೆ ರಶೀದಿ ನೋಡಿ ಟೈಪ್ ಮಾಡಿದರೋ ನಮಗೇನು ಗೊತ್ತು? ಸ್ಪೆಲ್ಲಿಂಗ್ ಅಂತೂ ಕೇಳುವುದೇ ಬೇಡ. ಇಂಗ್ಲಿಷಿನಲ್ಲಿ ಕಾಸರಗೋಡಿಗೆ ನಡುವೆ ಒಂದು 'ಎ' ಹಾಕುವವರು, ಬಿಡುವವರು, ಕೊನೆಗೆ 'ಇ' ಸೇರಿಸುವವರು ಎಲ್ಲ ಇದ್ದಾರೆ. ಮಂಜೇಶ್ವರಕ್ಕೆ ಕೊನೆಯಲ್ಲಿ 'ಎಂ' ಬರುತ್ತದೆ, ಬರದೆಯೂ ಇರುತ್ತದೆ. ಜನರ ಹೆಸರೂ ಹಾಗೆಯೇ. ಭಟ್ಟರಿಗೆ ಒಂದು 'ಟಿ'ಯೋ ಎರಡೋ, ನಾಯ್ಕರೋ ನಾಯಕರೋ, ಈಶ್ವರ 'ಇ'ಯಿಂದಲೋ 'ಐ'ಯಿಂದಲೋ, ಮನೆ ಹೆಸರಿನ ಇನಿಷಿಯಲ್ ಮುಂದೆಯೋ ಹಿಂದೆಯೋ. ಜಾಗದ ಆಧಾರದಲ್ಲಿ ಒಂದು, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು. ಎಲ್ಲ ರೂಪದಲ್ಲೂ ಹಾಕಿ ನೋಡಬೇಕು, ಬೇರೆ ದಾರಿಯಿಲ್ಲ.

ಇನ್ನು ನಮ್ಮ ಹಳೆ ಆಧಾರಗಳು ಕನ್ನಡದಲ್ಲಿವೆ. ಅಂಕಿಗಳೂ ಕನ್ನಡದವೇ. ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದ ಬ್ಯಾಂಕಿನವರಿಗೆ ಅದನ್ನು ಓದಲು ಬರುವುದಿಲ್ಲ. ಯಾರೋ ಮಾಡಿಕೊಟ್ಟ ಅನುವಾದ ನೋಡಿ ದಾಖಲು ಮಾಡುತ್ತಾರೆ. ಕೈಬರಹದ ೬ ಮತ್ತು ೯ ಅದಲು ಬದಲಾದರೆ 196 ಹೋಗಿ 169 ಆಗುತ್ತದೆ. ಹಳೆ ಕನ್ನಡ ಆಧಾರ ಇರುವ ಜಾಗವಾದರೆ ಇಂಥ ಅಂಕಿಗಳನ್ನು ಎರಡೂ ರೀತಿಯಲ್ಲಿ ಹುಡುಕುವುದರಲ್ಲಿ ತಪ್ಪೇನಿಲ್ಲ, ಹೋದರೆ ಇನ್ನೊಂದು ಹತ್ತು ರೂಪಾಯಿ.

ಇಷ್ಟೆಲ್ಲ ಮಾಡಿಯೂ ರಿಪೋರ್ಟು ಖಾಲಿ ಬಂತು ಎನ್ನೋಣ. ಆಗಲೂ ಉಳಿಯುವ ಅಪಾಯ ಏನೇನು?

ಒಂದು, ಕೃಷಿ ಭೂಮಿ. ಕೃಷಿ ಭೂಮಿಯ ಮೇಲಿನ ಅಡವಿಗೆ ಸರ್ಫೇಸಿ ಕಾನೂನು ಅನ್ವಯಿಸುವುದಿಲ್ಲ ಎಂದು 31ನೇ ಸೆಕ್ಷನ್ ಹೇಳುತ್ತದೆ. ಅಡಿಕೆ ತೋಟದ ಆಧಾರ ಇಟ್ಟು ತೆಗೆದ ಸಾಲ ಸೆರ್ಸಾಯ್‌ನಲ್ಲಿ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಕೃಷಿ ಭೂಮಿ ಹೌದೋ ಅಲ್ಲವೋ ಎಂಬುದಕ್ಕೆ ರೆವೆನ್ಯೂ ರೆಕಾರ್ಡಿನಲ್ಲಿ ಬರೆದದ್ದೊಂದೇ ಸಾಲದು, ನಿಜವಾಗಿ ಏನು ನಡೆಯುತ್ತಿತ್ತು ಎಂದು ನೋಡಬೇಕು ಎಂದು ಸುಪ್ರೀಂ ಕೋರ್ಟು ಹೇಳಿದೆ. ನಿಮ್ಮ 22 ಸೆಂಟ್ಸಿನಲ್ಲಿ ಮನೆ ಇದೆ, ಸರಿ. ಆದರೆ ತಂದೆಯ ಕಾಲದಲ್ಲಿ ಇಡೀ ಆಸ್ತಿ ತೋಟವೇ ಆಗಿದ್ದರೆ?

ಇನ್ನೊಂದು, ನಮ್ಮೂರಿನ ಸರ್ವೀಸ್ ಸಹಕಾರಿ ಬ್ಯಾಂಕುಗಳು. ಹೆಸರಿನಲ್ಲಿ ಬ್ಯಾಂಕು ಇದ್ದರೂ ಇವು ಪ್ರಾಥಮಿಕ ಸಹಕಾರ ಸಂಘಗಳು. ಇವರ ಸಾಲವನ್ನು ಸೆರ್ಸಾಯ್‌ನಲ್ಲಿ ಹುಡುಕಿ ಫಲವಿಲ್ಲ. ಇವರು ತೆಗೆದುಕೊಳ್ಳುವುದು ಗಹಾನ್ ಎನ್ನುವ ಅಡವು ಪತ್ರ. ಸಾಲಗಾರ ಸಹಿ ಹಾಕಿದ ಗಹಾನ್ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಅಲ್ಲಿ ಫೈಲಾಗುತ್ತದೆ, ಇಸಿಯಲ್ಲಿ ಬರುತ್ತದೆ. ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಸಹಕಾರಿ ಬ್ಯಾಂಕುಗಳದ್ದೂ ಇದೇ ಕ್ರಮ. ಹೀಗೆ ಸೆರ್ಸಾಯ್‌ಗೆ ಕಾಣದ್ದು ಇಸಿಗೆ ಕಾಣುತ್ತದೆ, ಇಸಿಗೆ ಕಾಣದ್ದು ಸೆರ್ಸಾಯ್‌ಗೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು ಎನ್ನುವುದು ಇದಕ್ಕೇ.

ಇವೆರಡಕ್ಕೂ ಕಾಣದ್ದು ಕೈಸಾಲ. ಆಧಾರವನ್ನು ಪರಿಚಯದ ಯಾರ ಹತ್ತಿರವೋ ಇಟ್ಟು ಐದು ಲಕ್ಷ ತಂದಿದ್ದರೆ ಯಾವ ರಿಜಿಸ್ಟ್ರಿಯೂ ನಿಮಗೆ ಹೇಳುವುದಿಲ್ಲ. ಇದಕ್ಕೆ ಮದ್ದು ಒಂದೇ. ಮೂಲ ಆಧಾರವನ್ನು ಕಣ್ಣಾರೆ ನೋಡಿ, ಕೈಯಲ್ಲಿ ಹಿಡಿದು ನೋಡಿ. ಪಾಲುಪತ್ರದ ಮೂಲ ಪ್ರತಿ ಮಾತ್ರ ಸಾಲದು, ತಂದೆಗೆ ಜಾಗ ಬಂದ ಹಿಂದಿನ ಆಧಾರವೂ ಬೇಕು. "ಅದು ದೊಡ್ಡಣ್ಣನ ಹತ್ತಿರ ಇದೆ" ಎನ್ನುವ ಮಾತು ನಮ್ಮ ಕಡೆ ಮಾಮೂಲು, ಬಹಳ ಸಲ ನಿಜವೂ ಹೌದು. ದೊಡ್ಡಣ್ಣನ ಮನೆಗೇ ಹೋಗಿ ನೋಡಿ ಬನ್ನಿ. "ಕಳೆದುಹೋಗಿದೆ, ದೃಢೀಕೃತ ನಕಲು ಇದೆ" ಎಂದರೆ ಅಲ್ಲೇ ನಿಲ್ಲಿ. ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ನಕಲು ತರುವುದು ಯಾರಿಗೂ ಸುಲಭ. ಮೂಲ ಪ್ರತಿ ಯಾವುದಾದರೂ ಕಪಾಟಿನಲ್ಲಿ ಭದ್ರವಾಗಿದ್ದರೆ? ಪೊಲೀಸ್ ದೂರು, ಪತ್ರಿಕೆಯಲ್ಲಿ ಪ್ರಕಟಣೆ ಎಲ್ಲ ಆಗಿ, ನಿಮ್ಮ ವಕೀಲರು ಒಪ್ಪಿದ ಮೇಲೆ ಮಾತ್ರ ಮುಂದಿನ ಮಾತು. ಪ್ರಕಟಣೆಯನ್ನು ಕನ್ನಡ ಪತ್ರಿಕೆಯ ಜೊತೆಗೆ ಮಲಯಾಳ ಪತ್ರಿಕೆಯಲ್ಲೂ ಹಾಕಿಸಿ.

ವಿಲೇಜ್ ಆಫೀಸಿನಲ್ಲಿ ರೆವೆನ್ಯೂ ರಿಕವರಿ (ಸರಕಾರದ ಮೂಲಕ ಬಾಕಿ ವಸೂಲಿ) ಏನಾದರೂ ಇದೆಯಾ ಎಂದು ಕೇಳುವುದನ್ನು ಮರೆಯಬೇಡಿ. ಕೋರ್ಟಿನ ಜಪ್ತಿ ಇದೆಯಾ ಎಂದು ವಕೀಲರು ನೋಡುತ್ತಾರೆ. ಜಾಗದ ಜೊತೆ ಅದಕ್ಕೆ ತಾಗಿದ ಕುಮ್ಕಿಯನ್ನೂ ಸೇರಿಸಿ ರೇಟು ಹೇಳಿದ್ದರೆ, ಕುಮ್ಕಿ ಸರಕಾರದ ಜಾಗ, ಅದನ್ನು ಮಾರಲು ಅವರಿಗೆ ಹಕ್ಕಿಲ್ಲ ಎಂಬುದು ನೆನಪಿರಲಿ.

ಸಾಲ ಇದೆ ಎಂದು ಗೊತ್ತಾದರೆ ಜಾಗವನ್ನೇ ಬಿಡಬೇಕೆಂದಿಲ್ಲ. ಸಾಲ ಇರುವ ಜಾಗ ಮಾರುವುದು ಅಪರಾಧ ಅಲ್ಲ, ಅದನ್ನು ಮುಚ್ಚಿಟ್ಟು ಮಾರುವುದೇ ಮೋಸ. ನೇರವಾಗಿ ಹೇಳುವ ಮಾರಾಟಗಾರರ ಜೊತೆ ವ್ಯವಹಾರ ಮಾಡಲು ನಾನು ಜಾಸ್ತಿ ಇಷ್ಟಪಡುತ್ತೇನೆ. ಬ್ಯಾಂಕಿನಿಂದ ಇವತ್ತಿನ ತಾರೀಕಿಗೆ ಬಾಕಿ ಎಷ್ಟು ಎಂದು ಬರವಣಿಗೆಯಲ್ಲಿ ಪಡೆಯಿರಿ. ನಿಮ್ಮ ಹಣದಲ್ಲಿ ಅಷ್ಟು ಭಾಗ ಮಾರುವವರ ಕೈಗೆ ಹೋಗದೆ ನೇರವಾಗಿ ಸಾಲದ ಖಾತೆಗೆ ಹೋಗಲಿ. ಆಧಾರ ಯಾವಾಗ, ಯಾರ ಕೈಗೆ ಬರುತ್ತದೆ ಎಂದು ಕರಾರುಪತ್ರದಲ್ಲಿ ಬರೆಸಿ. ಸೆರ್ಸಾಯ್ ದಾಖಲೆ ತೆಗೆಸುವುದನ್ನೂ ಅದರಲ್ಲೇ ಸೇರಿಸಿ. ರಿಜಿಸ್ಟ್ರೇಷನ್ನಿನ ಹಿಂದಿನ ದಿನ ಇನ್ನೊಮ್ಮೆ ಸರ್ಚ್ ಮಾಡಿ. ಅಡ್ವಾನ್ಸಿಗೂ ರಿಜಿಸ್ಟ್ರೇಷನ್ನಿಗೂ ನಡುವೆ ತಿಂಗಳುಗಳು ಹೋಗಿರುತ್ತವೆ, ಅಷ್ಟರಲ್ಲಿ ಏನೂ ಆಗಬಹುದು.

ಮಾರುವವರು ಕಂಪೆನಿಯಾಗಿದ್ದರೆ ಕಂಪೆನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಚಾರ್ಜ್‌ಗಳ (ಆಸ್ತಿಯ ಮೇಲಿನ ಸಾಲಗಳ) ಪಟ್ಟಿ ಇರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಆರ್‌ಸಿಯಲ್ಲೇ ಹೈಪೋಥಿಕೇಷನ್ (ಗಾಡಿಯ ಮೇಲಿನ ಸಾಲ) ಬರೆದಿರುತ್ತದೆ, ಸಾಲ ತೀರಿದ ಮೇಲೆ ಫಾರಂ 35 ಕೊಟ್ಟು ತೆಗೆಸಬೇಕು. ಜತ್ತ, ಅಕ್ಕಲಕೋಟೆ ಕಡೆಯ ಓದುಗರಿಗೆ ಒಂದು ಮಾತು. ಮಹಾರಾಷ್ಟ್ರದಲ್ಲಿ ಆಧಾರ ಇಟ್ಟು ಸಾಲ ತೆಗೆದರೂ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅದರ ಸೂಚನೆ ಸಲ್ಲಿಸಬೇಕು. ಹಾಗಾಗಿ ಅಲ್ಲಿನ ಹುಡುಕಾಟದಲ್ಲಿ ಕೇರಳಕ್ಕಿಂತ ಹೆಚ್ಚು ಸಿಗುತ್ತದೆ.

ಈಗ ನಿಮ್ಮ ತಂದೆಯವರ ಸಾಲ. ಇದು ನಮ್ಮಲ್ಲಿ ಬಹಳ ಮನೆಗಳ ಸಮಸ್ಯೆ. ಸಾಲ ತೀರಿತು, ಆಧಾರ ಬಂತು, ಬಾಕಿ ಇಲ್ಲ ಎನ್ನುವ ಪತ್ರ ಬಂತು, ಎಲ್ಲರೂ ಮರೆತರು. ಸೆರ್ಸಾಯ್‌ನಲ್ಲಿ "ಸಾಲ ತೀರಿದೆ" ಎಂದು ದಾಖಲು ಮಾಡುವುದನ್ನು ಬ್ಯಾಂಕೂ ಮರೆಯಿತು. ಅದನ್ನು ಮಾಡಬೇಕಾದದ್ದು ಬ್ಯಾಂಕೇ. ಸಾಲ ಪೂರ್ತಿ ತೀರಿದ 30 ದಿನದೊಳಗೆ ತಿಳಿಸಬೇಕು ಎಂದು ಸರ್ಫೇಸಿ ಕಾನೂನಿನ 25ನೇ ಸೆಕ್ಷನ್ ಹೇಳುತ್ತದೆ. ಇದಕ್ಕೆ ಸೆರ್ಸಾಯ್ ಶುಲ್ಕವೂ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ "ಚಾರ್ಜ್ ಕಟ್ಟಬೇಕಾಗುತ್ತದೆ" ಎಂದು ಯಾರಾದರೂ ಹೇಳಿದರೆ ರಶೀದಿ ಕೇಳಿ.

2014 ಮತ್ತು 2018ರ ನಡುವಿನ ಸಾಲ ಎಂದರೆ ಬ್ಯಾಂಕಿನ ಹೆಸರೇ ಬದಲಾಗಿರುವ ಸಾಧ್ಯತೆ ಜಾಸ್ತಿ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾ ಸೇರಿತು. ಮುಂದಿನ ವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಜಿಲ್ಲಾ ಸಹಕಾರಿ ಬ್ಯಾಂಕು 2019ರ ನವೆಂಬರಿನಲ್ಲಿ ಕೇರಳ ಬ್ಯಾಂಕಿನ ಒಳಗೆ ಹೋಯಿತು. ಹಳೆ ಬ್ಯಾಂಕು ಇಲ್ಲ ಎಂದು ಯಾರೂ ಕೈಚೆಲ್ಲುವಂತಿಲ್ಲ. ಅದನ್ನು ಸೇರಿಸಿಕೊಂಡ ಬ್ಯಾಂಕಿಗೆ ಹಕ್ಕಿನ ಜೊತೆ ಹೊಣೆಯೂ ಬಂದಿದೆ.

ಮೊದಲು ಸರ್ಚ್ ರಿಪೋರ್ಟಿನ ಪ್ರಿಂಟ್ ತೆಗೆಯಿರಿ. ಅದರಲ್ಲಿ ಆ ದಾಖಲೆಯ ಐಡಿ ನಂಬರ್ ಇರುತ್ತದೆ. ಈಗಿನ ಬ್ಯಾಂಕಿನ ಬ್ರಾಂಚಿಗೆ ಒಂದು ಪುಟದ ಅರ್ಜಿ ಬರೆಯಿರಿ. ಹಳೆ ಸಾಲದ ಖಾತೆ ನಂಬರ್, ತೀರಿದ ತಾರೀಕು, ಈ ಐಡಿ ನಂಬರ್ ಮೂರೂ ಅದರಲ್ಲಿ ಇರಲಿ. ಬಾಕಿ ಇಲ್ಲದ ಪತ್ರದ ಪ್ರತಿ, ಆಧಾರ ವಾಪಸ್ ಕೊಟ್ಟಾಗ ಸಹಿ ಹಾಕಿಸಿಕೊಂಡ ಪತ್ರದ ಪ್ರತಿ ಇದ್ದರೆ ಅದನ್ನೂ ಲಗತ್ತಿಸಿ. ಸುಮ್ನೆ ಬಾಯಲ್ಲಿ ಹೇಳಿ ಬರಬೇಡಿ. ಇನ್ನೊಂದು ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಬ್ರಾಂಚಿನವರಿಗೆ ಹೆಚ್ಚಾಗಿ ಇದನ್ನು ಮಾಡುವ ಲಾಗಿನ್ ಇರುವುದಿಲ್ಲ, ಸಾಲ ನೋಡಿಕೊಳ್ಳುವ ಕೇಂದ್ರಕ್ಕೆ ಕಳಿಸುತ್ತಾರೆ. ಯಾವ ಆಫೀಸಿಗೆ ಕಳಿಸಿದರು ಎಂದು ಕೇಳಿ ಬರೆದುಕೊಳ್ಳಿ.

ತಿಂಗಳು ಕಳೆದರೂ ಆಗದಿದ್ದರೆ ಎರಡು ದಾರಿ ಇದೆ. ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಆನ್‌ಲೈನಿನಲ್ಲಿ ಆಗುತ್ತದೆ, 14448ಕ್ಕೆ ಫೋನ್ ಮಾಡಿಯೂ ಕೇಳಬಹುದು. ಇನ್ನೊಂದು ದಾರಿ ಯಾರಿಗೂ ಅಷ್ಟಾಗಿ ಗೊತ್ತಿಲ್ಲ. ಸಾಲಗಾರರೇ ಸೆರ್ಸಾಯ್ ರಿಜಿಸ್ಟ್ರಾರರಿಗೆ "ಸಾಲ ತೀರಿದೆ, ಬ್ಯಾಂಕು ದಾಖಲು ಮಾಡಿಲ್ಲ" ಎಂದು ತಿಳಿಸಬಹುದು. ಆಗ ರಿಜಿಸ್ಟ್ರಾರರು 14 ದಿನಕ್ಕೆ ಮೀರದ ಗಡುವು ಕೊಟ್ಟು ಬ್ಯಾಂಕಿನಿಂದ ಕಾರಣ ಕೇಳಬೇಕು. ಬ್ಯಾಂಕು ಕಾರಣ ಕೊಡದಿದ್ದರೆ ತಾವೇ ತೀರಿದೆ ಎಂದು ದಾಖಲಿಸಲು ಆದೇಶ ಮಾಡಬೇಕು. ಇದೂ ಆ 25ನೇ ಸೆಕ್ಷನ್‌ನಲ್ಲೇ ಇದೆ. ಬ್ರಾಂಚಿಗೆ ಕೊಡುವ ಅರ್ಜಿಯಲ್ಲಿ ಈ ಸೆಕ್ಷನ್ನಿನ ಹೆಸರು ಒಂದು ಸಾಲಿನಲ್ಲಿ ಬಂದರೆ ಅರ್ಜಿ ಸ್ವಲ್ಪ ಬೇಗ ಓಡುತ್ತದೆ.

ದಿನಕ್ಕೆ 5,000 ರೂಪಾಯಿ ಪರಿಹಾರದ ವಿಷಯವನ್ನು ನೀವು ಎಲ್ಲಾದರೂ ಓದಿರಬಹುದು. ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರಿನಲ್ಲಿ ಆ ಆದೇಶ ಮಾಡಿದ್ದು ನಿಜ. ಸಾಲ ತೀರಿದ 30 ದಿನದಲ್ಲಿ ಮೂಲ ದಾಖಲೆ ಕೊಟ್ಟು, ರಿಜಿಸ್ಟ್ರಿಯಲ್ಲಿರುವ ಸಾಲದ ದಾಖಲೆಯನ್ನೂ ತೆಗೆಯಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000. ಆದರೆ 2023ರ ಡಿಸೆಂಬರ್ 1ರಂದು ಅಥವಾ ಅದರ ನಂತರ ದಾಖಲೆ ವಾಪಸ್ ಕೊಡಬೇಕಾಗಿ ಬಂದ ಸಾಲಗಳಿಗೆ ಮಾತ್ರ ಅದು. ನಿಮ್ಮ ತಂದೆಯವರದ್ದು 2018ರದ್ದು, ಆ ಲೆಕ್ಕದಲ್ಲಿ ಬರುವುದಿಲ್ಲ. ಈಗ ನೀವು ತೆಗೆಯುವ ಸಾಲಕ್ಕೆ ಬರುತ್ತದೆ. ಅದು ತೀರಿದ ದಿನವೇ ಆಧಾರದ ಜೊತೆಗೆ ಸೆರ್ಸಾಯ್ ವಿಷಯವನ್ನೂ ಬರವಣಿಗೆಯಲ್ಲಿ ಕೇಳಿ. ಸರ್ವೀಸ್ ಸಹಕಾರಿ ಬ್ಯಾಂಕಿನ ಸಾಲವಾದರೆ ರಿಸರ್ವ್ ಬ್ಯಾಂಕಿನ ಈ ಆದೇಶ ಅಲ್ಲಿ ನಡೆಯುವುದಿಲ್ಲ. ಅಲ್ಲಿ ಕೇಳಬೇಕಾದದ್ದು ಗಹಾನ್ ಬಿಡುಗಡೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಯಿತಾ ಎಂದು. ಅವರು ತಡ ಮಾಡಿದರೆ ಸಹಕಾರ ಇಲಾಖೆಯ ಅಸಿಸ್ಟೆಂಟ್ ರಿಜಿಸ್ಟ್ರಾರರಿಗೆ ಬರೆಯಿರಿ.

ನಿಮ್ಮ ಹೊಸ ಸಾಲ ತುರ್ತಾಗಿ ಬೇಕಿದ್ದರೆ, ಸೀಲು ಹಾಕಿಸಿದ ಅರ್ಜಿಯ ಪ್ರತಿಯನ್ನು ಸಾಲ ಕೊಡುವ ಬ್ಯಾಂಕಿಗೆ ಕೊಟ್ಟು ನೋಡಿ. ಕೆಲವು ಬ್ರಾಂಚಿನವರು ಅಷ್ಟರ ಮೇಲೆ ಉಳಿದ ಕಾಗದಪತ್ರ ಮುಂದುವರಿಸುತ್ತಾರೆ, ಹಣ ಮಾತ್ರ ಹಳೆ ದಾಖಲೆ ಹೋದ ಮೇಲೆ ಬಿಡುತ್ತಾರೆ. ಅಷ್ಟರವರೆಗೆ ಬದಿಯಡ್ಕದ ಜಾಗಕ್ಕೆ ದೊಡ್ಡ ಅಡ್ವಾನ್ಸ್ ಕೊಟ್ಟು ಕರಾರಿನ ಗಡುವಿಗೆ ಸಿಕ್ಕಿಹಾಕಿಕೊಳ್ಳಬೇಡಿ. ಬ್ರೋಕರ್ ಅವಸರ ಮಾಡಿದರೆ ತಾಯಿ ನಂಬರಿನ ಇಸಿ ತಂದುಕೊಡಲು ಹೇಳಿ.